ತೊಂಗ್ಯೊಂಗ್ ಬಂದರಿನಲ್ಲಿ ಒಂದು ಬಟ್ಟಲು ಮೊಂಗ್ಗೆ

ದಕ್ಷಿಣ ಕೊರಿಯಾದ ದಕ್ಷಿಣ ಕರಾವಳಿಯಲ್ಲಿರುವ ತೊಂಗ್ಯೊಂಗ್ ನಗರದಲ್ಲಿ, ಬಂದರಿಗೆ ಎದುರಾಗಿರುವ ಆರು ಮೇಜುಗಳ ಊಟದ ಮನೆಯೊಂದರಲ್ಲಿ ಕಳೆದ ಮೇ ತಿಂಗಳು ಮೊಂಗ್ಗೆ ಬಿಬಿಂಬಾಪ್ (ಅನ್ನದ ಮೇಲೆ ಬೇರೆ ಪದಾರ್ಥಗಳನ್ನಿಟ್ಟು ಕಲಸಿ ತಿನ್ನುವ ಕೊರಿಯಾದ ಊಟ) ತಿಂದೆ. ಮೊಂಗ್ಗೆ ಮೀನೂ ಅಲ್ಲ, ಚಿಪ್ಪಿಯೂ ಅಲ್ಲ. ಹ್ಯಾಲೊಸಿಂಥಿಯಾ ರೊರೆಟ್ಜಿ ಎಂಬ ಶಾಸ್ತ್ರೀಯ ಹೆಸರಿನ, ಬಂಡೆಗೆ ಅಂಟಿಕೊಂಡು ನೀರನ್ನು ಸೋಸಿ ಬದುಕುವ ಕಡಲಜೀವಿ. ಜಪಾನಿನಲ್ಲಿ ಇದಕ್ಕೆ ಹೋಯಾ ಎನ್ನುತ್ತಾರೆ.

ಬಡಿಸುವ ಮೊದಲು ಪ್ರಾಣಿಯನ್ನು ಕಣ್ಣಾರೆ ತೋರಿಸುತ್ತಾರೆಂಬುದೇ ಈ ಜಾಗದ ದೊಡ್ಡ ಗುಣ. ಬಾಗಿಲ ಪಕ್ಕದ ತೊಟ್ಟಿಯಲ್ಲಿ ಮುಷ್ಟಿಗಾತ್ರದ, ಮೈತುಂಬ ಗುಬುಟುಗಳಿರುವ ಕೆಂಗಿತ್ತಳೆ ಉಂಡೆಗಳು ಕುಳಿತಿದ್ದವು. ಪ್ರತಿಯೊಂದಕ್ಕೂ ಮೇಲ್ತುದಿಯಲ್ಲಿ ಎರಡು ಕೊಳವೆಗಳು: ನೀರೆಳೆದುಕೊಳ್ಳುವ ಕೊಳವೆಯ ಬಾಯಿ ಕೂಡುವ ಚಿಹ್ನೆಯಂತೆಯೂ ಹೊರಬಿಡುವುದರ ಬಾಯಿ ಕಳೆಯುವ ಚಿಹ್ನೆಯಂತೆಯೂ ಕಾಣುತ್ತದೆ. ಒಡತಿ ಕತ್ತರಿಯಿಂದ ತುದಿ ಕತ್ತರಿಸಿದೊಡನೆ ನೀರು ಚಿಮ್ಮಿತು. ತೊಗಲಿನಷ್ಟು ಗಟ್ಟಿಯಾದ ಹೊರಕವಚವನ್ನು ಸೀಳಿ, ಹಳದಿ ಮಾಂಸವನ್ನು ಬೆರಳಿನಿಂದ ಬಿಡಿಸಿದರು. ಆ ಕವಚದಲ್ಲಿರುವುದು ಗಿಡಮರಗಳಲ್ಲಿರುವಂಥ ಸೆಲ್ಯುಲೋಸ್. ಅದನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಪ್ರಾಣಿಲೋಕದಲ್ಲಿ ಇವುಗಳ ಬಳಗಕ್ಕೆ ಮಾತ್ರ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಇದರ ಬಾಲ್ಯ. ಮೊಟ್ಟೆಯಿಂದ ಹೊರಬರುವ ಮರಿ ಕಪ್ಪೆಯ ಗೊದಮೊಟ್ಟೆಯಂತೆ ಬಾಲವಾಡಿಸುತ್ತ ಈಜುತ್ತದೆ. ನಮ್ಮ ಬೆನ್ನೆಲುಬಿನ ಪೂರ್ವರೂಪವಾದ ನೋಟೋಕಾರ್ಡ್ ಆ ಬಾಲದಲ್ಲಿರುತ್ತದೆ. ಕೆಲವೇ ದಿನಗಳಲ್ಲಿ ಅದು ತಲೆಯನ್ನು ಊರಿ ನೆಲೆನಿಂತು, ಬಾಲವನ್ನು ತನ್ನೊಳಗೇ ಕರಗಿಸಿಕೊಂಡು, ಮತ್ತೆಂದೂ ಚಲಿಸದ ಜೀವಿಯಾಗುತ್ತದೆ. ಬಟ್ಟಲಲ್ಲಿರುವುದು ಸಿಗಡಿಗಿಂತ ನಮಗೇ ಹತ್ತಿರದ ನಂಟ ಎಂದು ತಿಳಿದು ತಿನ್ನುವಾಗ ಕೈ ಒಂದು ಕ್ಷಣ ತಡೆಯಿತು.

ರುಚಿ ಮೊದಲು ಉಪ್ಪುಪ್ಪು, ಆಮೇಲೆ ತುಸು ಕಹಿ, ಕೊನೆಗೆ ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುವ ಸಿಹಿ. ಅದರ ಮೇಲೆ ಕುಡಿದ ಬರಿನೀರೂ ಸಿಹಿಯೆನಿಸಿತು. ಆದರೆ ಅನ್ನಕ್ಕೆ ಸುರಿದಿದ್ದ ಎಳ್ಳೆಣ್ಣೆ ಅತಿಯಾಗಿ, ಈ ಸೂಕ್ಷ್ಮವನ್ನು ಅರ್ಧ ನುಂಗಿಹಾಕಿತು. ಹಸಿ ಮಾಂಸದ ತಟ್ಟೆಯ ಬೆಲೆಯನ್ನು ಫಲಕದಲ್ಲಿ ಬರೆಯದಿದ್ದುದೂ ಸರಿಯಲ್ಲ.

ಈ ಜೀವಿ ಜಪಾನ್, ಕೊರಿಯಾ ಮತ್ತು ಉತ್ತರ ಚೀನಾದ ತಂಪು ಕಡಲಿನದು. ತೊಂಗ್ಯೊಂಗ್ ಹಾಗೂ ನೆರೆಯ ಗೋಜೆಯ ಕೊಲ್ಲಿಗಳಲ್ಲಿ, ಜಪಾನಿನ ಮಿಯಾಗಿ ಕರಾವಳಿಯಲ್ಲಿ ಹಗ್ಗಗಳಿಗೆ ಅಂಟಿಸಿ ಬೆಳೆಸುತ್ತಾರೆ. 2011ರ ಸುನಾಮಿ ಮಿಯಾಗಿಯ ಕೃಷಿಯನ್ನು ಕೊಚ್ಚಿಕೊಂಡು ಹೋಗಿತ್ತು. ಅಜುಮಿಯೊಬೊಡೊ ಹೊಯಾಮುಶಿ ಎಂಬ ಏಕಕೋಶ ಪರಾವಲಂಬಿ ಕವಚವನ್ನು ಮೆತ್ತಗಾಗಿಸಿ ಸಾಕಿದ ಮೊಂಗ್ಗೆಗಳನ್ನು ಕೊಲ್ಲುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಗಟ್ಟಿಯಾಗಿರುವುದನ್ನೇ ನೋಡಿ ಆರಿಸಿ, ಎಣ್ಣೆಯನ್ನು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ.