ಝೊಟೆರೊ: ಪ್ರಾಜೆಕ್ಟ್ ಮಾಡುವ ಪ್ರತಿಯೊಬ್ಬರೂ ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್

ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್ ರಾಗಿಯ ಬೆಂಕಿ ರೋಗದ ಮೇಲೆ. ನಮ್ಮೂರು ಮಂಡ್ಯದ ಕಡೆ, ಮನೆಯಲ್ಲಿ ಬೆಳೆಯೋದೂ ರಾಗಿಯೇ. ಹಾಗಾಗಿ ವಿಷಯ ಆರಿಸಿಕೊಳ್ಳುವುದು ಸುಲಭವಾಯಿತು. ಕಷ್ಟ ಇರುವುದು ಓದಿದ್ದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುವುದರಲ್ಲಿ. ನಮ್ಮ ಗೈಡ್ ಮೇಡಂ ಡ್ರಾಫ್ಟ್ ಕೈಗೆ ತಗೊಂಡರೆ ಸಾಲು ಸಾಲಿಗೂ ಕೇಳುತ್ತಾರೆ: "ಇದನ್ನ ಹೇಳಿದ್ದು ಯಾರಮ್ಮ? ಎಲ್ಲಿ ಓದಿದೆ?"

ತಕ್ಷಣ ತೆಗೆದು ತೋರಿಸಲು ನನಗೆ ನೆರವಾಗುತ್ತಿರುವುದು ಝೊಟೆರೊ, ಓದಿದ ಪ್ರಬಂಧಗಳನ್ನೂ ಅವುಗಳ ವಿವರವನ್ನೂ ಒಂದೇ ಕಡೆ ಜೋಡಿಸಿಡುವ ಸಾಫ್ಟ್‌ವೇರ್. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಉಚಿತ. ಪ್ರಬಂಧದ ಡಿಒಐ (ಆನ್‌ಲೈನ್‌ನಲ್ಲಿ ಪ್ರತಿ ಪ್ರಬಂಧಕ್ಕೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಸಾಕು, ಲೇಖಕರು, ಜರ್ನಲ್, ವರ್ಷ ಎಲ್ಲ ತಾನೇ ತುಂಬಿಕೊಳ್ಳುತ್ತದೆ. ವರ್ಡ್‌ನಲ್ಲಿ ಬರೆಯುವಾಗ ಬೇಕಾದ ಕಡೆ ಉಲ್ಲೇಖ ಸೇರಿಸಬಹುದು, ಕೊನೆಯ ಪಟ್ಟಿಯನ್ನು ಅದೇ ಮಾಡಿಕೊಡುತ್ತದೆ.

ಇದಿಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ನೋಟ್ಸ್. ಪ್ರತಿ ಪ್ರಬಂಧದ ಕೆಳಗೂ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ: ಏನು ಕೇಳಿದರು, ಹೇಗೆ ಮಾಡಿದರು, ಏನು ಸಿಕ್ಕಿತು, ಯಾವುದು ನನಗೆ ಒಪ್ಪಿಗೆಯಾಗಲಿಲ್ಲ. ಉದಾಹರಣೆಗೆ, "ತಳಿ ರೋಗ ತಡೆಯುತ್ತದೆ ಅಂದಿದ್ದಾರೆ, ಆದರೆ ಒಂದೇ ಹಂಗಾಮು, ಒಂದೇ ಜಾಗ. ಮಳೆ ಜಾಸ್ತಿಯಾದ ವರ್ಷ ಏನಾಗುತ್ತೆ?" ಆಮೇಲೆ ಇಂಗ್ಲಿಷಿನಲ್ಲಿ ಬರೆಯುವಾಗ ಪಿಡಿಎಫ್ ತೆರೆಯುವುದಿಲ್ಲ, ಈ ನೋಟ್ಸ್ ನೋಡಿಕೊಂಡೇ ಬರೆಯುತ್ತೇನೆ. ವಾಕ್ಯ ನನ್ನದೇ ಆಗಿರುತ್ತದೆ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದು ಮೀರಿದರೆ ತೊಂದರೆ. ಹೀಗೆ ಬರೆಯುವವರು ಆ ಲೆಕ್ಕಕ್ಕೆ ಹೆದರಬೇಕಾಗಿಲ್ಲ. ಸೆಮಿನಾರ್‌ನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೂ ಆ ನಾಲ್ಕು ಸಾಲೇ ಬಾಯಿಗೆ ಬರುತ್ತವೆ.

ಇನ್ನೊಂದು ಸೌಲಭ್ಯ ಬಹಳ ಜನರಿಗೆ ಗೊತ್ತಿಲ್ಲ. ಅಚ್ಚಾದ ಮೇಲೆ, ನಂಬುವಂತಿಲ್ಲ ಎಂದು ಜರ್ನಲ್ ಹಿಂದಕ್ಕೆ ಪಡೆದ ಪ್ರಬಂಧ ನಿಮ್ಮ ಸಂಗ್ರಹದಲ್ಲಿದ್ದರೆ ಝೊಟೆರೊ ಎಚ್ಚರಿಸುತ್ತದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿಸಿದ 1998ರ ಪ್ರಬಂಧ ಇದೆಯಲ್ಲ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದು 2010ರಲ್ಲಿ ಹಿಂದಕ್ಕೆ ಪಡೆದದ್ದು, ಅದನ್ನು ಸೇರಿಸಿ ಜೂನಿಯರ್‌ಗಳಿಗೆ ತೋರಿಸಿದೆ. ಮೇಲೆ ಕೆಂಪು ಪಟ್ಟಿ ಬಂತು. ಅಚ್ಚಾದದ್ದೆಲ್ಲ ಸರಿ ಅಂತ ನಂಬಿಕೊಂಡೇ ನಾವು ಡಿಗ್ರಿ ಮುಗಿಸಿ ಬಂದಿರುತ್ತೇವೆ, ಅಲ್ವಾ? ಈ ಪಟ್ಟಿಯನ್ನು ಮೊದಲ ವರ್ಷದಲ್ಲೇ ಎಲ್ಲರಿಗೂ ತೋರಿಸಬೇಕು.

ಕೊರತೆಗಳೂ ಇವೆ. ವೆಬ್ ಪುಟದಲ್ಲಿ ಮಾಹಿತಿ ತಪ್ಪಿದ್ದರೆ ಇಲ್ಲೂ ತಪ್ಪಾಗಿಯೇ ಬರುತ್ತದೆ, ಒಮ್ಮೆ ಕಣ್ಣಾಡಿಸಲೇಬೇಕು. ಸಸ್ಯಶಾಸ್ತ್ರದವರಿಗೆ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ ಬೇಕು. ಎಷ್ಟೋ ಸಲ ಶೀರ್ಷಿಕೆಯಲ್ಲಿ ಆ ಹೆಸರಿನ ಹಿಂದೆ <i>, ಮುಂದೆ </i> ಎಂಬ ಟ್ಯಾಗ್ ನಾವೇ ಹಾಕಿ ಸರಿಪಡಿಸಬೇಕಾಗುತ್ತದೆ. ಫೈಲ್‌ಗಳಿಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ. ಪಿಡಿಎಫ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟು ಉಲ್ಲೇಖ, ನೋಟ್ಸ್ ಮಾತ್ರ ಸಿಂಕ್ ಮಾಡಿದರೆ ಆ ಮಿತಿ ಅಡ್ಡ ಬರುವುದಿಲ್ಲ. ಪಿಡಿಎಫ್‌ಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪ್ರಾಜೆಕ್ಟ್ ಬರಲಿ ಅಂತ ಕಾಯಬೇಡಿ, ಮೊದಲ ಸೆಮಿನಾರ್‌ಗೇ ಹಾಕಿಕೊಳ್ಳಿ.