ಟಿಳಕವಾಡಿಯ ಜೋಡಿ ನೃತ್ಯ ತರಗತಿ: ಹಣ ಸಾರ್ಥಕವಾದದ್ದು ಭಾನುವಾರದ ಅಭ್ಯಾಸದಿಂದ

ಸಾಲ್ಸಾ, ಬಚಾಟಾ ಮತ್ತು ವಾಲ್ಟ್ಸ್ ಎಂಬ ಜೋಡಿ ನೃತ್ಯಗಳನ್ನು ಕಲಿಸುವ ಬೆಳಗಾವಿಯ ಈ ತರಗತಿಗೆ ನಾನೂ ನಮ್ಮ ಮನೆಯವರೂ ಎರಡು ವರ್ಷಕ್ಕೂ ಮೇಲ್ಪಟ್ಟು ಹೋಗುತ್ತಿದ್ದೇವೆ. ವಾರದಲ್ಲಿ ಎರಡು ಸಂಜೆ ಪಾಠವಿರುತ್ತದೆ. ಭಾನುವಾರ ಬೆಳಿಗ್ಗೆ ಅದೇ ಸಭಾಂಗಣವನ್ನು ಒಂದೂವರೆ ಗಂಟೆ ಅಭ್ಯಾಸಕ್ಕೆಂದು ತೆರೆದಿಡುತ್ತಾರೆ. ಇಲ್ಲಿಯ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ಬಹುಪಾಲು ಮೊದಲ ತಿಂಗಳಲ್ಲಿಯೇ ಬರೆದಂಥವು. ಶಿಕ್ಷಕರ ಉತ್ಸಾಹ, ಧ್ವನಿವರ್ಧಕದ ಗುಣಮಟ್ಟ, ವಾಹನ ನಿಲ್ಲಿಸುವ ಜಾಗ ಇವುಗಳ ಮಾತೇ ಅವುಗಳಲ್ಲಿ ಹೆಚ್ಚು. ಅವೆಲ್ಲ ಚೆನ್ನಾಗಿಯೇ ಇವೆ. ಆದರೆ ಸಂಜೆಯ ಪಾಠದಂಥ ಪಾಠ ಬೇರೆಡೆಯೂ ಸಿಕ್ಕೀತು, ಭಾನುವಾರದ ಅವಧಿಯಂಥದು ಸಿಗುವುದು ಕಷ್ಟ ಎಂಬುದು ಇಷ್ಟು ಕಾಲದ ಮೇಲೆ ನನಗೆ ಖಚಿತವಾಗಿದೆ. ಶುಲ್ಕ ಕಟ್ಟಿದವರಲ್ಲಿ ಬಹಳ ಮಂದಿ ಅದಕ್ಕೆ ಬರುವುದೇ ಇಲ್ಲವೆಂಬುದು ಆಶ್ಚರ್ಯದ ಸಂಗತಿ.

ಜೋಡಿ ನೃತ್ಯ ಬೆಳಗಾವಿಗೆ ತೀರ ಹೊಸದೇನಲ್ಲ. ಚೋರ್ಲಾ ಘಾಟ ಇಳಿದರೆ ಗೋವಾ. ಊರಿನ ಕ್ಯಾಂಪ್ ಪ್ರದೇಶದ ಕ್ರೈಸ್ತ ಕುಟುಂಬಗಳ ಮದುವೆಗಳಲ್ಲಿ ವಾಲ್ಟ್ಸ್ ಶುರುವಾದೊಡನೆ ವಯಸ್ಸಾದವರೂ ಎದ್ದು ಹೆಜ್ಜೆ ಹಾಕುವುದನ್ನು ನೋಡಿದವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ಅಂಥ ಮನೆಗಳಲ್ಲಿ ಬೆಳೆದವರಿಗೆ ಅಭ್ಯಾಸ ತಾನಾಗಿ ಆಗುತ್ತದೆ. ಉಳಿದವರಿಗೆ ಅದಕ್ಕೊಂದು ಜಾಗ ಬೇಕು, ಒಂದು ಕ್ರಮ ಬೇಕು.

ಸಂಜೆಯ ಪಾಠದ ದೊಡ್ಡ ಕೊರತೆಯೆಂದರೆ ಹೊಸದನ್ನು ಕೊಡುವ ಆತುರ. ಎದುರಿನವರನ್ನು ತಮ್ಮ ಮುಂದಿನಿಂದ ಇನ್ನೊಂದು ಬದಿಗೆ ದಾಟಿಸುವ ಕ್ರಾಸ್ ಬಾಡಿ ಲೀಡ್ ಎಂಬ ಮೂಲ ಚಲನೆ ಕಾಲಿಗೆ ಹತ್ತುವ ಮೊದಲೇ ಅದರ ಮೇಲೆ ಎರಡು ಸುತ್ತು, ಒಂದು ಕೈಬದಲಾವಣೆ, ಕೊನೆಗೊಂದು ಭಂಗಿ ಸೇರಿಸಿ ಪಾಠ ಮುಗಿಸುತ್ತಾರೆ. ಮುಗಿದೊಡನೆ ಎಲ್ಲರೂ ಮೊಬೈಲ್ ತೆಗೆದು ಶಿಕ್ಷಕರು ಮಾಡಿ ತೋರಿಸುವುದನ್ನು ಚಿತ್ರೀಕರಿಸಿಕೊಳ್ಳುತ್ತಾರೆ. ಆ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ರಾಶಿ ಬಿದ್ದಿವೆ. ಅವುಗಳನ್ನು ಮತ್ತೆ ತೆರೆದು ನೋಡಿದವರನ್ನು ನಾನಂತೂ ಕಂಡಿಲ್ಲ. ಶಿಕ್ಷಕರ ವಿಡಿಯೊಗಿಂತ ನಮ್ಮದೇ ವಿಡಿಯೊ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫೋನನ್ನು ಕುರ್ಚಿಯ ಮೇಲೆ ಒರಗಿಸಿಟ್ಟು ಒಂದು ಹಾಡಿಗೆ ಕುಣಿದು ನೋಡಿದರೆ, ಬಗ್ಗಿದ ತಲೆ, ನೆಲ ನೋಡುವ ಕಣ್ಣು, ತಾಳಕ್ಕಿಂತ ಮುಂದೆ ಓಡುವ ಕಾಲು ಯಾರೂ ಹೇಳದೆಯೇ ಕಾಣಿಸುತ್ತವೆ.

ಭಾನುವಾರ ಹೊಸದೇನನ್ನೂ ಕಲಿಸುವುದಿಲ್ಲ. ಮೊದಲ ಕಾಲು ಗಂಟೆ ಜೋಡಿಯಿಲ್ಲದೆ, ಒಬ್ಬೊಬ್ಬರೇ ನಿಂತು ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಿಸುವುದನ್ನು ಮಾಡಬೇಕು. ಬೇಸರ ತರುವಂಥದಾದರೂ ಅದನ್ನು ಬಿಟ್ಟರೆ ಮುಂದಿನದೆಲ್ಲ ಸಡಿಲವಾಗುತ್ತದೆ. ಭಾರ ಎರಡು ಕಾಲಿನ ನಡುವೆ ಉಳಿದವರಿಗೆ ಎದುರಿನವರು ಯಾವ ಸೂಚನೆ ಕೊಟ್ಟರೂ ಯಾವ ಕಾಲು ಎತ್ತಬೇಕೆಂಬುದು ತಿಳಿಯುವುದಿಲ್ಲ. ಆಮೇಲೆ ಪ್ರತಿ ಜೋಡಿ ಆ ದಿನಕ್ಕೆ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳುತ್ತದೆ: ಸುತ್ತಿನ ಸೂಚನೆ ಯಾವ ಎಣಿಕೆಗೆ ಹೊರಡಬೇಕು, ಕೈಗಳ ಚೌಕಟ್ಟು ಎಲ್ಲಿ ಕುಸಿಯುತ್ತದೆ, ಹೀಗೆ. ಕೊನೆಯ ಅರ್ಧ ಗಂಟೆ ಹಾಡಿಗೊಮ್ಮೆ ಜೋಡಿ ಬದಲಾಗುತ್ತದೆ.

ಈ ಅವಧಿಯ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಕೇಳದೆ ಯಾರೂ ಯಾರನ್ನೂ ತಿದ್ದುವಂತಿಲ್ಲ. ಕೇಳಿದರೂ ಒಂದೇ ಸಂಗತಿ ಹೇಳಬೇಕು, ಅದೂ ತನಗೆ ಆದ ಅನುಭವವಾಗಿ ಹೇಳಬೇಕು. "ನಿಮ್ಮ ಕೈ ಬಿಗಿಯಾಗಿದೆ" ಎನ್ನುವ ಬದಲು "ತಿರುಗಬೇಕೆಂಬುದು ನನಗೆ ತಡವಾಗಿ ಗೊತ್ತಾಯಿತು" ಎಂದರೆ, ಕೇಳಿದವರು ಕಾರಣವನ್ನು ತಾವೇ ಹುಡುಕುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಕಲಿಯುವಾಗ ಈ ನಿಯಮದ ಬೆಲೆ ಎಷ್ಟೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ಜೋಡಿಯಲ್ಲಿ ಒಬ್ಬರು ಸೂಚನೆ ಕೊಟ್ಟು ನಡೆಸುತ್ತಾರೆ, ಇನ್ನೊಬ್ಬರು ಅನುಸರಿಸುತ್ತಾರೆ. ಅನುಸರಿಸುವವರಿಗೆ, ಅಂದರೆ ಇಲ್ಲಿ ಹೆಚ್ಚಾಗಿ ನಮ್ಮಂಥ ಹೆಂಗಸರಿಗೆ, ಸಂಜೆಯ ಪಾಠ ಕಲಿಸದೇ ಬಿಡುವ ಒಂದು ಸಂಗತಿಯಿದೆ. ಪಾಠದಲ್ಲಿ ಮುಂದಿನ ಚಲನೆ ಯಾವುದೆಂದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ನಡೆಸುವವರ ಸೂಚನೆ ಬರಲಿ ಬಿಡಲಿ, ನಾವು ನೆನಪಿನಿಂದ ತಿರುಗಿಬಿಡುತ್ತೇವೆ; ಅವರು ತಮ್ಮ ಸೂಚನೆ ಸರಿಯಾಗಿತ್ತೆಂದೇ ತಿಳಿಯುತ್ತಾರೆ. ಬೇರೆಯವರೊಡನೆ ಕುಣಿದಾಗ ಮಾತ್ರ ಇಬ್ಬರ ಕೊರತೆಯೂ ಹೊರಬೀಳುತ್ತದೆ. ಇದಕ್ಕೆ ಭಾನುವಾರ ಮಾಡಿಸುವ ಅಭ್ಯಾಸಗಳು ಸರಳವಾದವು: ನಡೆಸುವವರು ಗೊತ್ತಿರುವ ಮೂರು ಚಲನೆಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಮಾಡುವುದು, ಸುತ್ತನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ತರುವುದು, ಅನುಸರಿಸುವವರು ಕಣ್ಣು ಮುಚ್ಚಿ ಬರಿಯ ಅಂಗೈಯ ಒತ್ತಡದಿಂದ ದಿಕ್ಕನ್ನು ತಿಳಿಯುವುದು. ಪಾತ್ರ ಬದಲಿಸುವುದೂ ಉಂಟು. ನಾನು ನಡೆಸುವ ಪಾತ್ರ ವಹಿಸಿದಾಗ, ತೋಳಿನಿಂದ ಎಳೆದರೆ ಎದುರಿನವರ ಸಮತೋಲ ತಪ್ಪುತ್ತದೆ, ನನ್ನ ಎದೆ ಮತ್ತು ಭಾರ ಮೊದಲು ಹೊರಟರೆ ಅವರು ತಾವಾಗಿ ಹೊರಡುತ್ತಾರೆ ಎಂಬುದು ಕೆಲವೇ ನಿಮಿಷಗಳಲ್ಲಿ ಮೈಗೆ ಗೊತ್ತಾಯಿತು.

ಚಲನೆಗಳ ಕ್ರಮವನ್ನು ಕಲಸುವುದಕ್ಕೆ ಹಳೆಯ ಸಂಶೋಧನೆಯ ಬೆಂಬಲವೂ ಇದೆ. ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ಬಗೆಯ ಕೈಚಲನೆಗಳನ್ನು ಬೆರೆಸಿ ಅಭ್ಯಾಸ ಮಾಡಿದವರು, ಒಂದೊಂದನ್ನೇ ಮುಗಿಸುತ್ತ ಹೋದವರಿಗಿಂತ ಅಭ್ಯಾಸದ ಹೊತ್ತಿನಲ್ಲಿ ನಿಧಾನವಾಗಿದ್ದರೂ, 10 ದಿನಗಳ ನಂತರ ಪರೀಕ್ಷಿಸಿದಾಗ ಮುಂದಿದ್ದರು. ಭಾನುವಾರ ಮನೆಗೆ ಹೋಗುವಾಗ ಏನೂ ಬರಲಿಲ್ಲವಲ್ಲ ಎಂದೆನಿಸುವುದಕ್ಕೂ, ಸಂಜೆಯ ಪಾಠದ ನಂತರ ಎಲ್ಲ ಬಂದಂತೆ ತೋರಿ ಮುಂದಿನ ವಾರ ಮರೆತುಹೋಗುವುದಕ್ಕೂ ಇದೇ ಕಾರಣವಿರಬೇಕು.

ಸಂಗೀತದ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ, ಅದನ್ನು ತರಗತಿಯವರು ಬಳಸಿಕೊಳ್ಳುತ್ತಿಲ್ಲ. ಭಜನೆ ಕೇಳಿ ಬೆಳೆದವರ ಕಿವಿಯಲ್ಲಿ ಕೆಹರ್ವಾ ಮತ್ತು ದಾದ್ರಾ ತಾಳಗಳು ಕುಳಿತೇ ಇರುತ್ತವೆ. ಕೆಹರ್ವಾದ 8 ಮಾತ್ರೆಗಳಲ್ಲಿ, ಅಂದರೆ ಎಣಿಕೆಗಳಲ್ಲಿ, ಮೊದಲನೆಯದು ಸಮ (ಆವರ್ತನ ಶುರುವಾಗುವ ಜಾಗ), ಐದನೆಯದು ಖಾಲಿ (ಒತ್ತಿಲ್ಲದ ಜಾಗ). ನಮಗೆ ಇಲ್ಲಿ ಕಲಿಸಿದ ಸಾಲ್ಸಾದ ಮೂಲ ಹೆಜ್ಜೆಯೂ 8 ಎಣಿಕೆಯದು: ನಡೆಸುವವರು 1ಕ್ಕೆ ಎಡಗಾಲು ಮುಂದಿಡುತ್ತಾರೆ, 5ಕ್ಕೆ ಬಲಗಾಲು ಹಿಂದಿಡುತ್ತಾರೆ, 4 ಮತ್ತು 8ಕ್ಕೆ ಹೊಸ ಹೆಜ್ಜೆ ಇಲ್ಲ. ವಾಲ್ಟ್ಸ್‌ನ ಚೌಕ ಹೆಜ್ಜೆ 6 ಎಣಿಕೆಗೆ ಮುಗಿಯುತ್ತದೆ, ದಾದ್ರಾದ ಒಂದು ಆವರ್ತನದಷ್ಟೇ. ಸಮಕ್ಕೆ ಎಡಗಾಲು, ನಾಲ್ಕನೆಯ ಮಾತ್ರೆಯ ಖಾಲಿಗೆ ಬಲಗಾಲು. ವಾದ್ಯಗಳ ಒತ್ತು ಬೇರೆಯಾದರೂ ಆವರ್ತನದ ಅಳತೆ ಕೂಡಿಬರುತ್ತದೆ. ನಮ್ಮ ಮನೆಯವರು ಒಂದು ಎರಡು ಮೂರು ಎಂದು ಎಣಿಸುವುದನ್ನು ಬಿಟ್ಟು ಒಳಗೊಳಗೇ ಠೇಕಾ, ಅಂದರೆ ತಾಳದ ತಬಲಾ ಬೋಲುಗಳನ್ನು, ಹೇಳಿಕೊಳ್ಳಲು ತೊಡಗಿದ ಮೇಲೆಯೇ ಅವರ ಕಾಲು ತಾಳಕ್ಕೆ ನಿಂತಿತು.

ವೇಗದ ಮಾತೂ ಮುಖ್ಯ. ನಿಧಾನ ವಾಲ್ಟ್ಸ್ ನಿಮಿಷಕ್ಕೆ ಸುಮಾರು 84ರಿಂದ 90 ಎಣಿಕೆಯಷ್ಟಿದ್ದರೆ, ಸಾಲ್ಸಾ ಹಾಡುಗಳು ಅನೇಕ ವೇಳೆ ಅದರ ಎರಡರಷ್ಟು ವೇಗದಲ್ಲಿರುತ್ತವೆ. ಸಂಜೆಯ ಪಾಠದಲ್ಲಿ ಹಾಡನ್ನು ಮೂಲ ವೇಗದಲ್ಲಿಯೇ ಹಾಕುತ್ತಾರೆ. ಭಾನುವಾರ ನಿಧಾನಗೊಳಿಸುತ್ತಾರೆ, ಮನೆಯಲ್ಲಿ ಯೂಟ್ಯೂಬಿನ ವೇಗವನ್ನು 0.75ಕ್ಕೆ ಇಳಿಸಿಕೊಂಡರೆ ಅದೇ ಕೆಲಸವಾಗುತ್ತದೆ. ನಾವು ರಾತ್ರಿ ಊಟಕ್ಕೆ ಮೊದಲು ಎರಡು ಮೂರು ಹಾಡುಗಳಷ್ಟು ಹೊತ್ತು ಹೀಗೆ ಮಾಡುತ್ತೇವೆ. ನಮ್ಮ ಅತ್ತೆಯವರು ಇದನ್ನು ವೈದ್ಯರು ಹೇಳಿದ ವ್ಯಾಯಾಮವೆಂದು ತಿಳಿದಿದ್ದಾರೆ, ನಾವೂ ತಿದ್ದಲು ಹೋಗಿಲ್ಲ.

ಜೋಡಿ ಬದಲಾಯಿಸುವುದಕ್ಕೆ ಒಪ್ಪದವರು ನಮ್ಮ ಊರಿನಲ್ಲಿ ಅನೇಕರಿದ್ದಾರೆ, ಅದನ್ನು ಸಣ್ಣತನವೆಂದು ನಾನು ಎಣಿಸುವುದಿಲ್ಲ. ತರಗತಿಯವರು ಒತ್ತಾಯ ಮಾಡುವುದಿಲ್ಲ. ಹೆಂಗಸರು ಹೆಂಗಸರೊಡನೆ, ಗಂಡಸರು ಗಂಡಸರೊಡನೆ ಬದಲಾಯಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ಅರ್ಜೆಂಟೀನಾದ ಬ್ಯೂನಸ್ ಐರಿಸಿನಲ್ಲಿ ಹಿಂದೆ ಗಂಡಸರು ಪರಸ್ಪರ ಅಭ್ಯಾಸ ಮಾಡಿಯೇ ಟ್ಯಾಂಗೊ ಎಂಬ ಜೋಡಿ ನೃತ್ಯ ಕಲಿಯುತ್ತಿದ್ದರೆಂದು ಶಿಕ್ಷಕರು ಹೇಳಿದ ಮೇಲೆ ಉದ್ಯಮಬಾಗದ ಕಾರ್ಖಾನೆಯಿಂದ ಬರುವ ಹುಡುಗರ ಸಂಕೋಚ ಸಾಕಷ್ಟು ಕಡಿಮೆಯಾಯಿತು.

ನೆಲದ ಬಗ್ಗೆ ದೂರಿದೆ. ಸಿಮೆಂಟಿನ ಮೇಲೆ ಟೈಲ್ಸ್ ಹಾಕಿದ ನೆಲ ಮೊಣಕಾಲಿಗೆ ಕಠಿಣ. ರಬ್ಬರ್ ಅಟ್ಟೆಯ ಬೂಟು ಅದಕ್ಕೆ ಕಚ್ಚಿಕೊಳ್ಳುವುದರಿಂದ ಸುತ್ತುವಾಗ ಪಾದ ನಿಂತು ಮೊಣಕಾಲು ತಿರುಚುತ್ತದೆ; ಆದ್ದರಿಂದ ಸ್ವೇಡ್ ಎಂಬ ನವಿರು ನಾರಿನ ತೊಗಲಿನ ಅಟ್ಟೆಯ ನೃತ್ಯದ ಬೂಟು ಕೊಳ್ಳುವುದು ಮೇಲು. ಆದರೆ ಬೆಳಗಾವಿಯ ಮಳೆಗಾಲದಲ್ಲಿ ಅದನ್ನು ಧರಿಸಿ ಬೀದಿಗಿಳಿಯುವಂತಿಲ್ಲ, ನೆನೆದರೆ ಅಟ್ಟೆ ಕೆಡುತ್ತದೆ. ಚೀಲದಲ್ಲಿ ಒಯ್ದು ಒಳಗೆ ಹಾಕಿಕೊಳ್ಳಬೇಕು, ಧೂಳು ಕೂತು ನುಣುಪಾದಾಗ ತಂತಿಯ ಬ್ರಷ್‌ನಿಂದ ಉಜ್ಜಬೇಕು. ಕೆಲವರು ನೆಲಕ್ಕೆ ಪೌಡರ್ ಚೆಲ್ಲುತ್ತಾರೆ, ಪಕ್ಕದ ಜೋಡಿ ಜಾರುತ್ತದೆ. ವ್ಯವಸ್ಥಾಪಕರು ಇದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಒಂದೇ ತಿಂಗಳಲ್ಲಿ ಆರತಕ್ಷತೆಯ ವೇದಿಕೆಗೆ ಒಂದು ಹಾಡು ಸಿದ್ಧವಾಗಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಯಾವ ಹಾಡು ಬಂದರೂ, ಎದುರಿಗೆ ಯಾರಿದ್ದರೂ ಹೆಜ್ಜೆ ಹಾಕುವಂತಾಗಬೇಕು ಎನ್ನುವವರು ಒಂದು ವರ್ಷವಾದರೂ ಬರುವ ಸಿದ್ಧತೆಯಿಂದ ಸೇರಬಹುದು. ನಾವು ಈ ಬಾರಿ ಮೂರು ತಿಂಗಳಿಗೆ ಭಾನುವಾರದ ಅವಧಿಯೊಂದಕ್ಕೇ ಹಣ ಕಟ್ಟಿದ್ದೇವೆ, ಪೂರ್ಣ ಶುಲ್ಕದ ಅರ್ಧಕ್ಕಿಂತ ಕಡಿಮೆಯಾಯಿತು. ಅಂಥ ಸೌಲಭ್ಯವಿದೆಯೆಂದು ಅವರು ತಾವಾಗಿ ಹೇಳುವುದಿಲ್ಲ, ಶುಲ್ಕ ಕಟ್ಟುವಾಗ ನಾವೇ ಕೇಳಬೇಕು.