ಮನೆಯ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಆಫೀಸೋ, ಲಿಬ್ರೆಆಫೀಸೋ?

ಪತ್ರ ಬರೆಯುವುದಕ್ಕೆ, ತಿಂಗಳ ಖರ್ಚಿನ ಲೆಕ್ಕವಿಡುವುದಕ್ಕೆ ಇವೆರಡರಲ್ಲಿ ಯಾವುದಾದರೂ ಸಾಕು. ವ್ಯತ್ಯಾಸ ಎದ್ದು ಕಾಣುವುದು ಹಣದ ವಿಷಯದಲ್ಲಿ ಮತ್ತು ಹಳೆಯ ಕಡತಗಳನ್ನು ತೆರೆದಾಗ.

ಮೈಕ್ರೋಸಾಫ್ಟ್ ಆಫೀಸಿನ ಚಂದಾ ರೂಪವಾದ ಮೈಕ್ರೋಸಾಫ್ಟ್ 365ಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಅದು ನಿಂತು ಗಡುವು ಮುಗಿದರೆ, ಕಂಪ್ಯೂಟರಿನಲ್ಲಿರುವ ವರ್ಡ್ ನಿಮ್ಮದೇ ಕಡತವನ್ನು ತೋರಿಸುತ್ತದೆ, ಮುದ್ರಿಸುತ್ತದೆ, ಆದರೆ ತಿದ್ದಲು ಬಿಡುವುದಿಲ್ಲ. 2010ರಲ್ಲಿ ಓಪನ್‌ಆಫೀಸ್ ಎಂಬ ಉಚಿತ ತಂತ್ರಾಂಶದಿಂದ ಕವಲೊಡೆದ ಲಿಬ್ರೆಆಫೀಸಿಗೆ ಶುಲ್ಕವೂ ಇಲ್ಲ, ಗಡುವೂ ಇಲ್ಲ.

ವರ್ಡ್‌ನಲ್ಲಿ ಕ್ಯಾಲಿಬ್ರಿ ಅಕ್ಷರಶೈಲಿ ಬಳಸಿದ ಕಡತವನ್ನು ಲಿನಕ್ಸ್‌ನ ಲಿಬ್ರೆಆಫೀಸಿನಲ್ಲಿ ತೆರೆದರೆ, ಅಷ್ಟೇ ಅಗಲದ ಕಾರ್ಲಿಟೊ ಎಂಬ ಅಕ್ಷರಶೈಲಿ ಅದರ ಜಾಗಕ್ಕೆ ಬರುವುದರಿಂದ ಸಾಲುಗಳು ಹೆಚ್ಚು ಕದಲುವುದಿಲ್ಲ. ಕೋಷ್ಟಕಗಳು ತುಂಬಿದ ಅರ್ಜಿ ನಮೂನೆಗಳು ಮಾತ್ರ ಕೆಲವೊಮ್ಮೆ ಮುಂದಿನ ಪುಟಕ್ಕೆ ಜಾರುತ್ತವೆ. ಕನ್ನಡಿಗರನ್ನು ಹೆದರಿಸುವುದು ಇನ್ನೊಂದು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ ಅಕ್ಷರಶೈಲಿ) ಬೆರಳಚ್ಚಿಸಿದ ಮದುವೆಯ ಕರೆಯೋಲೆ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ, ಅದು ಲಿಬ್ರೆಆಫೀಸಿನ ದೋಷವಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಕೂಡ ಹಾಗೆಯೇ ತೋರಿಸುತ್ತದೆ. ಫಾಂಟ್ ಹಾಕಿದರೆ ಸದ್ಯಕ್ಕೆ ಸರಿಹೋಗುತ್ತದೆ, ಆದರೆ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡಿಗೆ ಪರಿವರ್ತಿಸಿಡುವುದೇ ಶಾಶ್ವತ ಪರಿಹಾರ.

ಕಚೇರಿಯ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಹಾಳೆಗಳನ್ನು ಮನೆಯಲ್ಲೂ ತಿದ್ದುವವರು ಚಂದಾ ಉಳಿಸಿಕೊಳ್ಳುವುದು ಮೇಲು, ಏಕೆಂದರೆ ಅಂಥ ಮ್ಯಾಕ್ರೋಗಳು ಲಿಬ್ರೆಆಫೀಸಿನಲ್ಲಿ ಭಾಗಶಃ ಮಾತ್ರ ನಡೆಯುತ್ತವೆ. ಉಳಿದವರು ವಿಂಡೋಸ್‌ನಲ್ಲಿಯೇ ಎರಡನ್ನೂ ಜೊತೆಗಿಟ್ಟುಕೊಂಡು, ದಿನವೂ ಬಳಸುವ ಹತ್ತು ಕಡತಗಳ ಪ್ರತಿಗಳನ್ನು ತೆರೆದು ನೋಡಬಹುದು.